ಖುಬೂಸಿನ ಮೇಲೆ ಹತ್ತು ಫಿಲ್ಸ್

ಕುವೈತಿನ ಮಹಬೂಲಾದಲ್ಲಿ ನನ್ನ ಬಕಾಲಾ ಇದ್ದ ಕಟ್ಟಡದಲ್ಲಿ ಎರಡು ಬಗೆಯ ಜನ ಇದ್ದರು. ಕೆಳಗಿನ ಮೂರು ಮಹಡಿಗಳನ್ನು ಒಂದು ಕ್ಲೀನಿಂಗ್ ಕಂಪನಿ ತನ್ನ ಕೆಲಸಗಾರರಿಗೆಂದು ಹಿಡಿದಿತ್ತು. ಕೋಣೆ ಕೋಣೆಯಲ್ಲೂ ಮಂಚದ ಮೇಲೆ ಮಂಚ. ಅಲ್ಲಿಂದ ಮೇಲಕ್ಕೆ ಫ್ಯಾಮಿಲಿಗಳು. ಮಂಗಳೂರಿನವರು, ಕೇರಳದವರು, ಗೋವಾದವರು, ಒಂದೆರಡು ಈಜಿಪ್ಟಿನ ಸಂಸಾರ. ಲಿಫ್ಟ್ ಫ್ಯಾಮಿಲಿಗಳಿಗೆ, ಮೆಟ್ಟಿಲು ಕೆಲಸಗಾರರಿಗೆ. ಹಾಗೆಂದು ಬರೆದು ಹಾಕಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು.

ನಾನು ಪುತ್ತೂರಿನ ಆಚೆಯ ಬ್ಯಾರಿ. ಬಕಾಲಾ ಅಂದರೆ ನಮ್ಮೂರಿನ ಜೀನಸಿನ ಅಂಗಡಿಯೇ. ಲೈಸೆನ್ಸು ಕಫೀಲನ, ಅಂದರೆ ನನ್ನ ವೀಸಾದ ಹೊಣೆ ಹೊತ್ತ ಕುವೈತಿಯ ಹೆಸರಲ್ಲಿ, ದುಡಿಮೆ ನನ್ನದು. ಬೆಳಿಗ್ಗೆ ಕೆಲಸಗಾರರ ಬಸ್ಸು ಬರುವ ಮುಂಚೆ ಬಾಗಿಲು ತೆಗೆದರೆ ಖುಬೂಸ್ ಎಂಬ ಅರಬಿ ರೊಟ್ಟಿ, ಲಬನ್ ಎಂಬ ಮಜ್ಜಿಗೆ, ಮೊಟ್ಟೆ, ಮೊಬೈಲಿನ ರೀಚಾರ್ಜ್ ಕಾರ್ಡು, ಇಷ್ಟೇ ವ್ಯಾಪಾರ. ಮೇಲಿನವರು ಕಾರಿನಲ್ಲಿ ದೊಡ್ಡ ಮಾರ್ಕೆಟಿಗೆ ಹೋಗಿ ವಾರದ ಸಾಮಾನು ತಂದುಬಿಡುತ್ತಿದ್ದರು. ನನಗೆ ಫೋನ್ ಮಾಡುವುದು ನೀರಿನ ಕ್ಯಾನ್ ಮುಗಿದಾಗ, ಇಲ್ಲವೇ ಅಡಿಗೆಯ ನಡುವೆ ಕೊತ್ತಂಬರಿ ಸೊಪ್ಪು ನೆನಪಾದಾಗ.

ಕೆಳಗಿನವರಲ್ಲಿ ಕನ್ನಡದವನು ಒಬ್ಬನೇ ಇದ್ದ. ಯಾದಗಿರಿ ಕಡೆಯವನು, ನನಗಿಂತ ಐದಾರು ವರ್ಷ ದೊಡ್ಡವನಿರಬೇಕು. ಶಾಲೆಯೊಂದರಲ್ಲಿ ನೆಲ ಒರೆಸುವ ಕೆಲಸ. ಸಂಜೆ ಬಸ್ಸಿಳಿದವನು ನೇರ ಕೋಣೆಗೆ ಹೋಗದೆ ನನ್ನ ಅಂಗಡಿಯ ಫ್ರಿಜ್ಜಿನ ಪಕ್ಕ ನಿಂತು ಒಂದು ಲಬನ್ ಕುಡಿಯುತ್ತಿದ್ದ. ಅವನ ಕನ್ನಡ ನನಗೆ, ನನ್ನ ಕನ್ನಡ ಅವನಿಗೆ ಮೊದಮೊದಲು ನಗು ತರಿಸುತ್ತಿತ್ತು. 'ಉಂಟು' ಅಂದರೆ ಊಟ ಆಯಿತೇ ಎಂದು ಕೇಳುತ್ತಿದ್ದೇನೆ ಅಂದುಕೊಂಡಿದ್ದನಂತೆ. ಕೋಣೆಯವರೊಡನೆ ಹಿಂದಿಯಲ್ಲೇ ದಿನ ಕಳೆಯುವವನಿಗೆ ಆ ಹೊತ್ತು ಬೇಕಾಗಿತ್ತು. ನನಗೂ ಬೇಕಾಗಿತ್ತು ಅನ್ನುವುದು ಅವನು ಹೋದ ಮೇಲೆ ಗೊತ್ತಾಯಿತು.

ಮೊದಲ ಬೆಂಕಿ ಬಿದ್ದದ್ದು ಬೇಸಿಗೆಯ ಒಂದು ಮಧ್ಯಾಹ್ನ. ಎರಡನೇ ಮಹಡಿಯ ಕೋಣೆಯಲ್ಲಿ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಫ್ರಿಜ್ಜು, ರೈಸ್ ಕುಕ್ಕರು, ಚಾರ್ಜರುಗಳು ಎಲ್ಲ ಸಿಕ್ಕಿಸಿದ್ದರು. ಬೆಂಕಿ ದೊಡ್ಡದೇನಲ್ಲ, ಹೊಗೆ ದೊಡ್ಡದು. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಬಾಂಗ್ಲಾದೇಶದ ಒಬ್ಬ ಹೆದರಿ ಕಿಟಕಿಯಿಂದ ಹಾರಿ ಸೊಂಟ ಮುರಿದುಕೊಂಡ. ನಾನೇ ತುರ್ತು ನಂಬರಿಗೆ ಫೋನ್ ಮಾಡಿದೆ. ಬೆಂಕಿಯ ಗಾಡಿ ಬೀದಿಯ ತುದಿಗೆ ಬೇಗನೆ ಬಂತು, ಆದರೆ ಮಹಬೂಲಾದ ಬೀದಿಗಳಲ್ಲಿ ಎರಡೂ ಬದಿಗೆ, ಸಾಲದ್ದಕ್ಕೆ ನಡುವೆಯೂ ಕಾರು ನಿಲ್ಲಿಸಿರುತ್ತಾರೆ. ಅವುಗಳ ನಡುವೆ ನುಸುಳಿ ಕಟ್ಟಡದ ಎದುರು ಬರುವಷ್ಟರಲ್ಲಿ ಕೋಣೆ ಸುಟ್ಟು ಮುಗಿದಿತ್ತು.

ಅವರ ಆಫೀಸರ್ ಕುವೈತಿ ಯುವಕ. ಗೋಡೆಯಲ್ಲಿದ್ದ ಕೆಂಪು ಪೆಟ್ಟಿಗೆ ತೆರೆದು ಪೈಪು ಎಳೆದು ನೋಡಿದ. ಒಂದು ಹನಿ ನೀರಿಲ್ಲ. ಬೆಂಕಿ ನಂದಿಸುವ ಸಿಲಿಂಡರ್ ಎಲ್ಲಿ ಎಂದು ಹಾರಿಸನನ್ನು, ಅಂದರೆ ಕಟ್ಟಡ ಕಾಯುವವನನ್ನು ಕೇಳಿದ. ಅವನು ಮಾಲೀಕರ ಏಜೆಂಟನ ಕಡೆ ನೋಡಿದ. ಏಜೆಂಟ್ ತನ್ನ ಫೋನ್ ನೋಡಿದ. ಆಫೀಸರ್ ಹೋಗುವಾಗ ನನಗೆ ಅರಬಿಯಲ್ಲಿ ನಿಧಾನವಾಗಿ, ಅರ್ಥವಾಗುವ ಹಾಗೆ ಹೇಳಿದ: "ನಾವು ಬಂದೇ ಬರುತ್ತೇವೆ. ಆದರೆ ನಾವು ಬರುವವರೆಗೆ ನಿಮ್ಮ ಹತ್ತಿರ ಏನಾದರೂ ಇರಬೇಕು."

ಆಂಬುಲೆನ್ಸು ಸೊಂಟ ಮುರಿದವನನ್ನು ಕೊಂಡುಹೋಯಿತು. ಯಾರೂ ಬಾಡಿಗೆ ಕೇಳಲಿಲ್ಲ. ಈ ದೇಶದಲ್ಲಿ ಅಂಗಡಿಯ ಬಿಲ್ಲಿನ ಮೇಲೆ ತೆರಿಗೆ ಎಂಬುದೇ ಇಲ್ಲ. ಬೆಂಕಿಯ ಗಾಡಿಯೂ ಆಂಬುಲೆನ್ಸೂ ಎಣ್ಣೆಯ ದುಡ್ಡಿನಲ್ಲಿ ಓಡುತ್ತವೆ.

ಏಜೆಂಟನ ಹತ್ತಿರ ಸಿಲಿಂಡರ್ ಕೇಳಿದರೆ, ಹಾಕಿಸಬಹುದು, ಬಾಡಿಗೆ ಏರುತ್ತದೆ ಅಂದ. ಆ ಮಾತಿಗೆ ಮೇಲಿನ ಫ್ಯಾಮಿಲಿಗಳೆಲ್ಲ ತಣ್ಣಗಾದರು. ಆಗ ಎಂಟನೇ ಮಹಡಿಯ ಎಂಜಿನಿಯರ್ ತಮ್ಮ ಮನೆಯಲ್ಲಿ ಒಂದು ಮೀಟಿಂಗ್ ಕರೆದರು. ದಾವಣಗೆರೆ ಕಡೆಯವರು. ದಿನಾ ಕಂಪನಿಯ ಬಸ್ಸಿನಲ್ಲಿ ಮೀನಾ ಅಲ್ ಅಹ್ಮದಿಯ ರಿಫೈನರಿಗೆ ಕೆಲಸಕ್ಕೆ ಹೋಗುವವರು, ಕಟ್ಟಡದಲ್ಲಿ ಎಲ್ಲರೂ ಅವರ ಮಾತಿಗೆ ಬೆಲೆ ಕೊಡುತ್ತಿದ್ದರು. ನನ್ನನ್ನೂ ಕರೆದಿದ್ದರು. ಕೆಳಗಿನ ಮಹಡಿಗಳವರನ್ನು ಕರೆದಿರಲಿಲ್ಲ.

ಟೀ ಕೊಟ್ಟ ಮೇಲೆ ಎಂಜಿನಿಯರ್ ಶುರು ಮಾಡಿದರು.

"ಸೀ, ಬೇರೆ ದೇಶಗಳಲ್ಲಿ ಸಣ್ಣ ಸಣ್ಣ ಊರಿನವರೇ ಸೇಲ್ಸ್ ಟ್ಯಾಕ್ಸ್ ಹಾಕ್ಕೊಂಡು ತಮ್ಮ ಫೈರ್ ಇಂಜಿನ್, ತಮ್ಮ ಆಂಬುಲೆನ್ಸ್ ನಡೆಸ್ತಾರೆ. ಏನು ಕೊಂಡ್ರೂ ಅದರಲ್ಲಿ ಒಂದು ಚೂರು ಅದಕ್ಕೆ ಹೋಗುತ್ತೆ. ಯಾರಿಗೂ ಭಾರ ಆಗಲ್ಲ. ನಾವೂ ಹಾಗೇ ಮಾಡೋಣ. ಕೆಳಗೆ ಭಾಯಿ ಅಂಗಡಿ ಇದೆಯಲ್ಲ. ಪ್ರತಿ ಬಿಲ್ಲಿಗೆ ಹತ್ತು ಫಿಲ್ಸ್. ಬಿಲ್ ಎಷ್ಟೇ ಆಗ್ಲಿ, ಫ್ಲಾಟ್ ಹತ್ತು. ಸಿಂಪಲ್."

ಐದನೇ ಮಹಡಿಯಲ್ಲಿ ಆಸ್ಪತ್ರೆಯ ನರ್ಸ್ ಒಬ್ಬರಿದ್ದರು, ಬಂಟ್ವಾಳ ಕಡೆಯ ಕ್ರೈಸ್ತರು, ಮನೆಯಲ್ಲಿ ಕೊಂಕಣಿ. ನಮ್ಮೂರಲ್ಲಿ ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ ನಾನು ಅವರನ್ನು ಬಾಯಿ ಎಂದೇ ಕರೆಯುತ್ತಿದ್ದೆ, ಅವರಿಗೆ ನಾನು ಸಾಹೇಬ್ರು. ಅವರು ಕಪ್ಪು ಕೆಳಗಿಟ್ಟು ಕೇಳಿದರು: "ಅಲ್ಲ ಸರ್, ಸಾಹೇಬ್ರ ಅಂಗಡಿಯಲ್ಲಿ ನಾವೆಲ್ಲ ಎಂತ ತಗೊಳ್ತೇವೆ? ಖುಬೂಸ್ ತಗೊಳ್ಳುವವರು ಕೆಳಗಿನವರು. ಒಂದು ಪಾಕೀಟಿಗೂ ಹತ್ತು ಫಿಲ್ಸ್, ನಮ್ಮ ಅಕ್ಕಿ ಮೂಟೆಗೂ ಹತ್ತು ಫಿಲ್ಸ್ ಅಂದ್ರೆ ಹೇಗೆ?"

"ಮೇಡಂ, ಬೆಂಕಿ ಬಿದ್ದಿದ್ದು ಎಲ್ಲಿ? ಅವರ ರೂಮಲ್ಲಿ ತಾನೇ? ಪ್ರಿನ್ಸಿಪಲ್ ಇಂಪಾರ್ಟೆಂಟು. ಎಲ್ಲರೂ ಕೊಡ್ತಾರೆ, ಎಲ್ಲರಿಗೂ ಪ್ರೊಟೆಕ್ಷನ್."

ಉಳಿದವರು ತಲೆಯಾಡಿಸಿದರು. ಎಂಜಿನಿಯರ್, ಇನ್ನಿಬ್ಬರು ಫ್ಯಾಮಿಲಿಯವರು, ಮತ್ತೆ ಆ ಬಾಯಿ ಸೇರಿ ಒಂದು ಕಮಿಟಿಯಾಯಿತು. ಅಂಗಡಿಯಲ್ಲಿ ದುಡ್ಡು ಎತ್ತುವ ಕೆಲಸ ನನ್ನದು. ಸಾವಿರ ಫಿಲ್ಸ್ ಸೇರಿದರೆ ಒಂದು ದಿನಾರ್.

ಮರುದಿನ ಯಾದಗಿರಿಯವನಿಗೆ ಹೇಳಿದೆ. ಅವನು ಲಬನಿನ ಬಾಟಲಿ ಅಲ್ಲಾಡಿಸುತ್ತ, "ಕೊಡೂಣು ಬಿಡ್ರಿ ಸಾವ್ಕಾರ್ರ. ಆ ಬಂಗಾಲಿ ಹುಡುಗ ಬಿದ್ದಿದ್ದು ಕಣ್ಣಾಗ ಕುಂತೈತಿ," ಅಂದ. ಅವನೇ ಮಹಡಿ ಮಹಡಿಗೆ ಹೋಗಿ ತೆಲುಗಿನವರಿಗೆ, ನೇಪಾಳಿಗಳಿಗೆ, ಬಂಗಾಲಿಗಳಿಗೆ ತನ್ನ ಹರಕು ಹಿಂದಿಯಲ್ಲಿ ತಿಳಿಸಿ ಹೇಳಿದ. ಅವರು ಅದಕ್ಕೆ 'ಆಗ್ ಕಾ ಪೈಸಾ', ಬೆಂಕಿಯ ದುಡ್ಡು, ಎಂದು ಹೆಸರಿಟ್ಟರು. ಕೆಲವರು ಗೊಣಗಿದರು. ಒಬ್ಬ ನೇಪಾಳಿ, ಹತ್ತು ಫಿಲ್ಸ್ ಉಳಿಸಲಿಕ್ಕೆ ಇಬ್ಬರು ಗೆಳೆಯರ ಖುಬೂಸನ್ನೂ ಸೇರಿಸಿ ಒಂದೇ ಬಿಲ್ಲಿನಲ್ಲಿ ಕೊಳ್ಳತೊಡಗಿದ. ನಾನು ನೋಡಿಯೂ ನೋಡದ ಹಾಗಿದ್ದೆ. ಆದರೆ ಕೊಡುವುದಿಲ್ಲ ಎಂದವರು ಕೆಳಗಿನವರಲ್ಲಿ ಒಬ್ಬರೂ ಇರಲಿಲ್ಲ.

ಕೊಡುವುದಿಲ್ಲ ಎಂದವರು ಮೇಲಿದ್ದರು. ಎಂಜಿನಿಯರರ ಮನೆಯಿಂದಲೇ ಒಂದು ದಿನ ಫೋನು. ನೀರಿನ ಕ್ಯಾನ್ ಕಳಿಸಿದ್ದೆ. ಅವರ ಹೆಂಡತಿ ಕೇಳಿದರು: "ಭಾಯಿ, ಬಿಲ್ಲಲ್ಲಿ ಇದೇನು ಎಕ್ಸ್‌ಟ್ರಾ?"

"ಮೇಡಂ, ಅದು ಬೆಂಕಿಯ ಹತ್ತು ಫಿಲ್ಸ್. ಸಾರೇ ಹೇಳಿದ್ದು."

"ಓ ಅದಾ. ನಮ್ಮವರು ಕಮಿಟಿಯಲ್ಲೇ ಇದ್ದಾರಲ್ಲ, ಅಷ್ಟೊಂದು ಟೈಮ್ ಕೊಡ್ತಿದ್ದಾರೆ. ನಮಗೆ ಹಾಕ್ಬೇಡಿ."

ಹಾಕಲಿಲ್ಲ. ಹತ್ತು ಫಿಲ್ಸಿಗೆ ಜಗಳ ಕಾಯುವ ತಾಳ್ಮೆ ಅಂಗಡಿಯವನಿಗೆ ಇರುವುದಿಲ್ಲ. ಬಾಯಿಯವರು ಮಾತ್ರ ಏನೂ ಕೊಳ್ಳದ ದಿನವೂ ಡ್ಯೂಟಿಯಿಂದ ಬರುವಾಗ ಒಂದು ನಾಣ್ಯ ಕೌಂಟರಿನ ಮೇಲಿಟ್ಟು ಹೋಗುತ್ತಿದ್ದರು.

ಚಳಿಗಾಲ ಶುರುವಾಗುವ ಹೊತ್ತಿಗೆ ಒಳ್ಳೆಯ ಸಿಲಿಂಡರುಗಳನ್ನೂ ಒಂದು ಮಡಚುವ ಸ್ಟ್ರೆಚರನ್ನೂ ಮದ್ದಿನ ಪೆಟ್ಟಿಗೆಯನ್ನೂ ಕೊಳ್ಳುವಷ್ಟಾಯಿತು. ಮಹಡಿಗೊಂದು ಸಿಲಿಂಡರ್ ಬರುವಷ್ಟಲ್ಲ. ಎಲ್ಲಿ ನೇತುಹಾಕುವುದು ಎಂಬ ಪ್ರಶ್ನೆ ಬಂತು. ಕಮಿಟಿ ಮತ್ತೆ ಎಂಟನೇ ಮಹಡಿಯಲ್ಲಿ ಕೂತಿತು.

"ಲಾಜಿಕಲ್ ಆಗಿ ಯೋಚ್ನೆ ಮಾಡಿ," ಎಂದರು ಎಂಜಿನಿಯರ್. "ಬೆಂಕಿ ಬಿದ್ರೆ ಕೆಳಗಿನವರು ಒಂದೇ ನಿಮಿಷದಲ್ಲಿ ರೋಡಿಗೆ ಓಡ್ತಾರೆ. ಸಿಕ್ಕಿಹಾಕಿಕೊಳ್ಳೋದು ಮೇಲಿನವರು, ಹೆಂಗಸರು, ಮಕ್ಕಳು. ಫಸ್ಟ್ ಮೇಲಿನ ಫ್ಲೋರುಗಳಿಗೆ ಹಾಕೋಣ. ನೆಕ್ಸ್ಟ್ ಫೇಸಲ್ಲಿ ಕೆಳಗೆ. ಕೆಳಗೆ ಇಟ್ರೆ ಒಂದು ವಾರದಲ್ಲಿ ಮಾಯ ಆಗುತ್ತೆ, ಅದೂ ಇದೆ."

ಬಾಯಿಯವರಿಗೆ ಸಿಟ್ಟು ಬಂತು. ಅವರು ಮಾತಾಡಿದ್ದೆಲ್ಲ ಗಾಳಿಗೆ ಹೋಯಿತು. ಕಡೆಗೆ ಹಟ ಹಿಡಿದು ಒಂದು ಸಿಲಿಂಡರನ್ನು ನನ್ನ ಅಂಗಡಿಯಲ್ಲಿ ಇಡುವಂತೆ ಮಾಡಿದರು. ಸ್ಟ್ರೆಚರು, ಮದ್ದಿನ ಪೆಟ್ಟಿಗೆ ಎಂಜಿನಿಯರರ ಮನೆಗೆ ಹೋದವು. ಮೆಟ್ಟಿಲಿಳಿಯುವಾಗ ಬಾಯಿಯವರು ತುಳುವಿನಲ್ಲಿ ನನಗೆ ಏನೋ ಹೇಳಿದರು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಯಾದಗಿರಿಯವನು ನನ್ನ ಅಂಗಡಿಯಲ್ಲಿದ್ದ ಒಂಟಿ ಸಿಲಿಂಡರನ್ನು ನೋಡಿ, "ಉಳದಾವು ಎಲ್ಲಿ ಅದಾವ್ರಿ?" ಎಂದು ಕೇಳಿದ. ಹೇಳಿದೆ. ಅವನು, "ಇರ್ಲಿ ಬಿಡ್ರಿ. ಬೇಕಾದ್ರ ಓಡಿ ಹೋಗಿ ತರೂಣು. ಮೆಟ್ಲ ಹತ್ತೂದು ನಮಗೇನ್ ಹೊಸಾದೇನು," ಅಂದ.

ಇದಾಗಿ ಕೆಲವು ವಾರಗಳಿಗೆ ಮೇಲಿನ ಮಹಡಿಯ ಯಾರದೋ ಮನೆಯ ಎದುರಿಂದ ಮಕ್ಕಳ ಸೈಕಲ್ ಕಳುವಾಯಿತು. ಕದ್ದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಮೂರನೇ ಮಹಡಿ ದಾಟಿದಲ್ಲಿ ಮೆಟ್ಟಿಲಿಗೆ ಅಡ್ಡವಾಗಿ ಒಂದು ಕಬ್ಬಿಣದ ಗೇಟು ಬಂತು. ಮೇಲಿನ ಮನೆಗಳಿಗೆ ಒಂದೊಂದು ಬೀಗದಕೈ. ಬಾಡಿಗೆ ಏರಿಸದೆ ಏಜೆಂಟ್ ಮಾಡಿಕೊಟ್ಟ ಕೆಲಸ ಅದೊಂದೇ.

ಎರಡನೇ ಬೆಂಕಿ ಶುಕ್ರವಾರ ಬೆಳಿಗ್ಗೆ. ಕೆಲಸಗಾರರಿಗೆ ರಜೆ, ಎಲ್ಲ ಕೋಣೆಗಳಲ್ಲೂ ಅಡಿಗೆ. ಬಾಯಿಯವರ ಸಂಸಾರ ಚರ್ಚಿಗೆ ಹೋಗಿತ್ತು. ಇಲ್ಲಿ ಶುಕ್ರವಾರವೇ ದೊಡ್ಡ ಪೂಜೆ. ನಾನು ಜುಮ್ಮಾ ನಮಾಜಿಗೆ ಅಂಗಡಿ ಮುಚ್ಚುವ ಮುಂಚೆ ಮೊಟ್ಟೆಯ ಟ್ರೇಗಳನ್ನು ಒಳಗಿಡುತ್ತಿದ್ದೆ. ಮೊದಲನೇ ಮಹಡಿಯಿಂದ ಕೂಗು ಕೇಳಿತು. ಬಾಣಲೆಯ ಎಣ್ಣೆಗೆ ಹತ್ತಿದ ಬೆಂಕಿ ಪರದೆಗೆ, ಪರದೆಯಿಂದ ಹಾಸಿಗೆಗೆ ಹೋಗಿತ್ತು.

ಸಿಲಿಂಡರ್ ಎತ್ತಿಕೊಂಡು ಓಡಿದೆ. ಒಬ್ಬರು ನನ್ನ ಕೈಯಿಂದ ಕಿತ್ತುಕೊಂಡು ಒತ್ತಿದರು. ಬಾಗಿಲಿನ ಬೆಂಕಿ ಕೂತಿತು, ಒಳಗಿನದು ಕೂರಲಿಲ್ಲ, ಸಿಲಿಂಡರ್ ಖಲಾಸ್. ಆ ಕೋಣೆಯ ಆಚೆ ಅಡಿಗೆಕೋಣೆಯಲ್ಲಿ ಇಬ್ಬರು ಸಿಕ್ಕಿಕೊಂಡಿದ್ದರು, ಗೋಡೆ ಬಡಿಯುವುದು ಕೇಳುತ್ತಿತ್ತು.

"ಇನ್ನೊಂದು ತರ್ತೀನಿ," ಎಂದು ಯಾದಗಿರಿಯವನು ಮೇಲಕ್ಕೆ ಓಡಿದ. ನಾನು ಹಿಂದಿನಿಂದ "ಗೇಟುಂಟು, ಗೇಟುಂಟು" ಎಂದು ಕೂಗಿದೆ. ಅವನಿಗೆ ಕೇಳಿತೋ ಇಲ್ಲವೋ. ನಾನು ರಸ್ತೆಗೆ ಓಡಿ ಫೋನ್ ಮಾಡಿದೆ. ಏಜೆಂಟನಿಗೆ ಮಾಡಿದೆ. ಎಂಜಿನಿಯರರಿಗೆ ಮಾಡಿದೆ, ಅವರ ಫೋನ್ ರಿಂಗಾಗುತ್ತಲೇ ಇತ್ತು.

ಅವನು ಗೇಟಿನವರೆಗೆ ಹೋಗಿದ್ದ. ಸರಳಿನ ಆಚೆ, ಕೈ ಚಾಚಿದರೆ ತುಸುವೇ ದೂರದಲ್ಲಿ ಗೋಡೆಯ ಮೇಲೆ ಕೆಂಪು ಸಿಲಿಂಡರ್ ನೇತಾಡುತ್ತಿತ್ತು. ಗೇಟು ಬಡಿದ. ಬಾಗಿಲುಗಳ ಹಿಂದೆ ಜನ ಇದ್ದರು, ಅದು ನಂತರ ಅವರೇ ಹೇಳಿದ್ದು. ಕೆಳಗೆ ಜಗಳವೇನೋ ಆಗುತ್ತಿದೆ ಎಂದು ತಿಳಿದು ತೆರೆಯಲಿಲ್ಲವಂತೆ. ಅಷ್ಟರಲ್ಲಿ ಹೊಗೆ ಮೆಟ್ಟಿಲ ದಾರಿಯಲ್ಲಿ ಮೇಲೆ ಬಂತು. ಅವನಿಗೆ ಮೇಲೆ ಹೋಗುವ ಹಾಗಿಲ್ಲ, ಕೆಳಗೆ ಬರುವ ಹಾಗಿಲ್ಲ.

ಬೆಂಕಿಯವರು ಈ ಸಲ ಬೀದಿಯ ತುದಿಯಲ್ಲೇ ಗಾಡಿ ಬಿಟ್ಟು ಪೈಪು ಹೊತ್ತು ಓಡಿ ಬಂದರು. ಅಡಿಗೆಕೋಣೆಯ ಇಬ್ಬರನ್ನೂ ಕಿಟಕಿಯಿಂದ ಏಣಿ ಹಾಕಿ ಇಳಿಸಿದರು. ಮುಖಕ್ಕೆ ಮಾಸ್ಕ್ ಹಾಕಿದ ಒಬ್ಬ ಮೆಟ್ಟಿಲಿನಿಂದ ಯಾದಗಿರಿಯವನನ್ನು ಹೆಗಲ ಮೇಲೆ ಹೊತ್ತು ತಂದು ಫುಟ್‌ಪಾತಿನಲ್ಲಿ ಮಲಗಿಸಿದ. ಮೂಗಿನ ಸುತ್ತ ಮಸಿ. ಉಸಿರಿರಲಿಲ್ಲ. ಆಂಬುಲೆನ್ಸಿನವರು ಕಾರುಗಳ ಸಂದಿಯಲ್ಲಿ ಬರುತ್ತಿದ್ದರು. ಅದೇ ಹೊತ್ತಿಗೆ ಬಾಯಿಯವರು ಚರ್ಚಿನಿಂದ ಬಂದರು. ಸೀರೆ ಉಟ್ಟಿದ್ದರು. ಏನೂ ಕೇಳದೆ ನೆಲಕ್ಕೆ ಮಂಡಿಯೂರಿ ಅವನ ಎದೆ ಒತ್ತತೊಡಗಿದರು. ಅವರ ಗಂಡ, ಸಣ್ಣ ಮಗಳು ಪಕ್ಕದಲ್ಲಿ ನಿಂತಿದ್ದರು. ಮಗಳು "ಮಮ್ಮಾ, ಈಸ್ ಹಿ ಡೆಡ್?" ಎಂದು ಕೇಳಿದಳು. ಬಾಯಿಯವರು ಒತ್ತುತ್ತಲೇ ಇದ್ದರು. ಆಂಬುಲೆನ್ಸಿನವರು ಬಂದು ಅವರ ಕೈಯಿಂದ ಕೆಲಸ ತೆಗೆದುಕೊಂಡಾಗ ಅವನು ಒಮ್ಮೆ ಕೆಮ್ಮಿದ.

ಬದುಕಿದ. ಎಷ್ಟೋ ದಿನ ಆಸ್ಪತ್ರೆಯಲ್ಲಿದ್ದ. ಶ್ವಾಸಕೋಶ ಮೊದಲಿನಂತೆ ಆಗುವುದಿಲ್ಲ ಎಂದು ಬಾಯಿಯವರು ಡಾಕ್ಟರರನ್ನು ವಿಚಾರಿಸಿ ಬಂದು ಹೇಳಿದರು. ಅವನ ಕಂಪನಿಯವರು, ರಜೆಯ ದಿನ ಆದದ್ದು, ಕೆಲಸದ ಜಾಗದಲ್ಲಿ ಆದದ್ದಲ್ಲ ಎಂದು ಕೈ ತೊಳೆದುಕೊಂಡರು. ಇಕಾಮಾ, ಅಂದರೆ ವಾಸದ ಪರವಾನಗಿ, ರದ್ದು ಮಾಡಿ ಊರಿಗೆ ಟಿಕೆಟ್ ಕೊಟ್ಟರು.

ಇತ್ತ ಬೆಂಕಿಯ ಮೇಲೆ ತನಿಖೆ ಬಂತು. ಈ ಸಿಲಿಂಡರುಗಳನ್ನು ಹಾಕಿದ್ದು ಯಾರು, ದುಡ್ಡು ಎಲ್ಲಿಂದ ಎಂದು ಹಾರಿಸನನ್ನು ಕೇಳಿದರಂತೆ. ಅವನು ನನ್ನ ಅಂಗಡಿ ತೋರಿಸಿದ. ಆ ಸಂಜೆ ಎಂಜಿನಿಯರ್ ಮೊದಲ ಸಲ ತಾವೇ ಕೆಳಗಿಳಿದು ಅಂಗಡಿಗೆ ಬಂದರು. ಗಿರಾಕಿ ಇಲ್ಲದ್ದನ್ನು ನೋಡಿಕೊಂಡು ಮೆತ್ತಗೆ ಮಾತಾಡಿದರು.

"ಭಾಯಿ, ಇಲ್ಲಿ ಪರ್ಮಿಷನ್ ಇಲ್ಲದೆ ಚಂದಾ ಎತ್ತೋದು ಸೀರಿಯಸ್ ಕೇಸು. ಕಮಿಟಿ ಅಂತ ಹೇಳಿದ್ರೆ ನಮ್ಮೆಲ್ಲರನ್ನೂ ಊರಿಗೆ ಕಳಿಸ್ತಾರೆ. ನೀವು ಬೆಲೆ ಜಾಸ್ತಿ ತಗೊಂಡೆ ಅಂತ ಹೇಳಿಬಿಡಿ. ಅದಕ್ಕೆ ಬರೀ ಫೈನು."

"ಬೆಲೆ ಜಾಸ್ತಿ ತಗೊಂಡು ನಾನು ಎಂತ ಮಾಡಿದೆ ಅಂತ ಕೇಳಿದ್ರೆ?"

"ಅಂಗಡಿಗೆ, ಕಸ್ಟಮರ್ಸ್‌ಗೆ ಅಂತ ಸಿಲಿಂಡರ್ ತಂದೆ ಅನ್ನಿ. ಒಳ್ಳೆ ಕೆಲಸ ತಾನೇ? ಮೇಡಂ ಕೂಡ ಕಮಿಟಿಯಲ್ಲಿದ್ದಾರೆ, ಯೋಚ್ನೆ ಮಾಡಿ. ನರ್ಸಿಂಗ್ ಲೈಸೆನ್ಸ್ ಹೋದ್ರೆ ಏನು ಮಾಡ್ತಾರೆ?"

ಕಡೆಯ ಮಾತು ನನಗೆ ತಾಗಿತು. ತಾಗುತ್ತದೆಂದು ತಿಳಿದೇ ಅವರು ಅದನ್ನು ಕಡೆಗೆ ಇಟ್ಟುಕೊಂಡಿದ್ದರು. ಬೆಲೆ ಹೆಚ್ಚು ತೆಗೆದುಕೊಂಡವನು ನಾನೇ ಎಂದು ಇಲಾಖೆಯವರ ಮುಂದೆ ಒಪ್ಪಿಕೊಂಡೆ. ದಂಡ ಬಿತ್ತು, ಅಂಗಡಿಗೆ ಸೀಲು ಬಿತ್ತು. ಖುಬೂಸಿನ ಮೇಲೆ ಹತ್ತು ಫಿಲ್ಸ್ ಕದ್ದವನು ಎಂದು ಕೆಳಗಿನ ಹೊಸಬರು ಕೆಲವರು ನನ್ನನ್ನು ನೋಡಿ ನಗುತ್ತಿದ್ದರು. ಕಫೀಲ್ ಫೋನಿನಲ್ಲಿ ಬೈದದ್ದು ಹೆಚ್ಚೇನಲ್ಲ. ಮೂರು ಮಾತಿನಲ್ಲಿ ಮುಗಿಸಿದ. ಸೀಲು ತೆಗೆದ ಮೇಲೆ ಅಂಗಡಿಯನ್ನು ಒಬ್ಬ ಮಲಯಾಳಿಗೆ ಕೊಟ್ಟ.

ಬಾಯಿಯವರಿಗೆ ವಿಷಯ ತಡವಾಗಿ ಗೊತ್ತಾಯಿತು. ಗಂಡನೊಡನೆ ನನ್ನ ಕೋಣೆಗೆ ಬಂದರು.

"ನೀವು ಯಾಕೆ ನನ್ನನ್ನು ಕೇಳ್ಲಿಲ್ಲ ಸಾಹೇಬ್ರೆ? ನಾನು ಸತ್ಯ ಹೇಳ್ತಿದ್ದೆ."

"ಹೇಳ್ತೀರಿ ಅಂತಲೇ ಕೇಳ್ಲಿಲ್ಲ," ಅಂದೆ.

ದಂಡದಲ್ಲಿ ಪಾಲು ಕೊಡುತ್ತೇನೆ ಎಂದರು. ತೆಗೆದುಕೊಂಡೆ. ಬೇಡ ಅನ್ನುವ ದೊಡ್ಡತನ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಎಂಟನೇ ಮಹಡಿಯಿಂದ ಯಾರೂ ಬರಲಿಲ್ಲ.

ಯಾದಗಿರಿಯವನನ್ನು ಏರ್‌ಪೋರ್ಟಿಗೆ ಬಿಡಲು ನಾನೂ ಬಾಯಿಯವರೂ ಹೋಗಿದ್ದೆವು. ಗಾಲಿಕುರ್ಚಿಯಲ್ಲಿ ಕೂತಿದ್ದ. ನಾಲ್ಕು ಮಾತಿಗೊಮ್ಮೆ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಿದ್ದ. ಬಾಯಿಯವರು ಇನ್ಹೇಲರ್ ಹೇಗೆ ಎಳೆಯಬೇಕು ಎಂದು ಮತ್ತೆ ಮತ್ತೆ ತೋರಿಸಿದರು. ಅವನು ನನ್ನ ಕೈ ಹಿಡಿದು, "ಕೈಗೆ ಸಿಗೂ ಹಂಗ ಇತ್ರಿ ಸಾವ್ಕಾರ್ರ. ನಡುವ ಆ ಸರಳ ಒಂದ," ಅಂದ.

ಆಮೇಲೆ ಕಟ್ಟಡದಲ್ಲಿ ಆದದ್ದನ್ನೂ ಹೇಳಬೇಕು. ಸರ್ಕಾರದ ಆರ್ಡರ್ ಬಂತು. ಏಜೆಂಟ್ ಕೆಳಗಿನ ಮಹಡಿಗಳನ್ನು ಖಾಲಿ ಮಾಡಿಸಿದ, ಕೆಲಸಗಾರರನ್ನು ಕಂಪನಿ ಇನ್ನೆಲ್ಲಿಗೋ ಸಾಗಿಸಿತು. ಗೋಡೆಗೆ ಹೊಸ ಬಣ್ಣ, ಪೈಪಿಗೆ ನೀರು, ಮಹಡಿಗೆರಡು ಸಿಲಿಂಡರ್, ಗೇಟು ಮಾಯ. ಈಗ ಅಲ್ಲಿ ಪೂರ್ತಿ ಫ್ಯಾಮಿಲಿಗಳು. ಕೇಳಿದರೆ ಕೊಡದಿದ್ದುದನ್ನೆಲ್ಲ, ಕೇಳಿದವರನ್ನು ಹೊರಗೆ ಹಾಕಿದ ಮೇಲೆ ಕೊಟ್ಟರು.

ನಾನೀಗ ರುಮೈಥಿಯಾದಲ್ಲಿ ಭಾವನ ಅಂಗಡಿಯಲ್ಲಿ ಸಂಬಳಕ್ಕಿದ್ದೇನೆ. ಕುವೈತಿಗಳ ಮನೆಗೆಲಸದ ಹೆಂಗಸರು ಬರುತ್ತಾರೆ, ಡ್ರೈವರುಗಳು ಬರುತ್ತಾರೆ. ಒಮ್ಮೆ ನಮ್ಮ ಕನ್ನಡದವರ ಕೂಟವೊಂದರಲ್ಲಿ ಎಂಜಿನಿಯರ್ ಸಿಕ್ಕಿದರು. ವೇದಿಕೆಯ ಹತ್ತಿರ ಕೂತಿದ್ದರು. ನನ್ನನ್ನು ನೋಡಿ ಎದ್ದು ಬಂದು ಕೈ ಕುಲುಕಿ, "ಹೇಗಿದ್ದೀರಾ ಭಾಯಿ, ಎಲ್ಲಾ ಸೆಟ್ಲ್ ಆಯ್ತಲ್ಲ?" ಎಂದರು. ಆಯಿತು ಅಂದೆ. ಅವರು ಪಕ್ಕದವರಿಗೆ ನನ್ನನ್ನು ಪರಿಚಯಿಸಿದರು: "ನಮ್ಮ ಬಿಲ್ಡಿಂಗಲ್ಲಿ ಒಂದು ಫೈರ್ ಸೇಫ್ಟಿ ಮಾಡೆಲ್ ಟ್ರೈ ಮಾಡಿದ್ವಿ, ಇವರೂ ಹೆಲ್ಪ್ ಮಾಡಿದ್ರು." ನನಗೆ ಬಿರಿಯಾನಿಯ ತಟ್ಟೆ ಕೆಳಗಿಟ್ಟು ಮನೆಗೆ ಹೋಗಬೇಕೆನಿಸಿತು. ಹೋದೆ.

ಯಾದಗಿರಿಯವನು ಆಗಾಗ ಫೋನ್ ಮಾಡುತ್ತಾನೆ. ಮಗನ ಚಹಾ ಅಂಗಡಿಯಲ್ಲಿ ಕೂತಿರುತ್ತಾನೆ. ಹೋದ ತಿಂಗಳು ಉಸಿರು ಕಟ್ಟಿ ಬಿದ್ದಿದ್ದನಂತೆ. ಆಂಬುಲೆನ್ಸ್ ಕರೆದರೆ, ಹತ್ತಿರದ ಗಾಡಿ ಕೆಟ್ಟಿದೆ, ಇನ್ನೊಂದು ತಾಲೂಕಿನಿಂದ ಬರಬೇಕು ಎಂದರಂತೆ. ಮಗ ಆಟೋದಲ್ಲಿ ಹಾಕಿಕೊಂಡು ಹೋದ.

"ಇಲ್ಲಿ ಬಿಸ್ಕೀಟಿನ ಮ್ಯಾಲೂ ಟ್ಯಾಕ್ಸ್ ಐತ್ರಿ, ಸಾಬಾಣದ ಮ್ಯಾಲೂ ಐತಿ," ಅಂದ. "ಕೊಡಾಕತ್ತೇವಿ. ಅಲ್ಲೂ ಕೊಟ್ಟಿದ್ವಿ, ಇಲ್ಲೂ ಕೊಡಾಕತ್ತೇವಿ."

ನಗಲು ಹೋದವನಿಗೆ ಕೆಮ್ಮು ಬಂತು. ನಾನು ಏನಾದರೂ ಸಮಾಧಾನ ಹೇಳಬೇಕಾಗಿತ್ತು. ಅಂಗಡಿಯಲ್ಲಿ ಗಿರಾಕಿ ಇದ್ದಾರೆ, ಆಮೇಲೆ ಮಾಡುತ್ತೇನೆ ಎಂದು ಫೋನಿಟ್ಟೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಎಂಟನೇ ಮಹಡಿಯ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ಇಲ್ಲ.